ಮೊದಲು ಹೆಣ್ಣಾಡು, ಆಮೇಲೆ ಹೋತ

ಆ ಬೇಸಿಗೆಯಲ್ಲಿ ದಿನಾ ಸಂಜೆ ನಾನು ಅಪ್ಪನನ್ನು ಎತ್ತಿ ನೆಲಕ್ಕೆ ಹಾಕುತ್ತಿದ್ದೆ.

ನಾನು ಕೆಲಸ ಮಾಡುವ ಮರದ ಮಿಲ್ಲಿನ ಹಿಂದೆ ಹೊಟ್ಟು ಹಾಸಿದ ಒಂದು ಅಖಾಡವಿದೆ. ನಮ್ಮ ಕಣಿವೆಯ ಹೆಂಗಸರು ಅಲ್ಲಿ ಕುಸ್ತಿ ಕಲಿಯುತ್ತಾರೆ. ನಮ್ಮ ಕುಸ್ತಿಯಲ್ಲಿ ಗುದ್ದು, ಒದೆ ಇಲ್ಲ. ಪ್ಯಾಂಟಿನ ಮೇಲೆ ದಪ್ಪ ಗೋಣಿಬಟ್ಟೆಯ ಚಡ್ಡಿ ಹಾಕಿಕೊಂಡು, ಒಬ್ಬರ ಚಡ್ಡಿಯನ್ನು ಇನ್ನೊಬ್ಬರು ಸೊಂಟದ ಬಳಿ ಹಿಡಿದು ಎತ್ತಿ ಬೀಳಿಸಬೇಕು. ಬೆನ್ನು ಹೊಟ್ಟಿಗೆ ತಾಗಿದವರು ಸೋತರು. ಆಮೇಲೆ ಗೆದ್ದವರು ಸೋತವರ ಬೆನ್ನಿಗಂಟಿದ ಹೊಟ್ಟನ್ನು ಕೈಯಿಂದ ಒರೆಸಬೇಕು. ಅದೊಂದು ಮರ್ಯಾದೆ. ಅಪ್ಪನ ಬೆನ್ನನ್ನೂ ನಾನು ಒರೆಸುತ್ತಿದ್ದೆ, ಕಂಬಳಿಯ ಧೂಳು ಕೊಡವುವ ಹಾಗೆ, ಅಂಗೈ ಉರಿಯುವಷ್ಟು ಜೋರಾಗಿ.

"ಏಳು," ಅಂದೆ ಮೊದಲ ವಾರದಲ್ಲೊಂದು ದಿನ.

"ತಡಿಯೇ ಸ್ವಲ್ಪ. ಮೂಗಲ್ಲಿ ರಕ್ತ ಬರ್ತಿದೆ."

"ಬರ್ಲಿ ಬಿಡು. ಬೇಟೆಗೆ ಬೆಟ್ಟ ಹತ್ತಿದಾಗ ನೀನು ಮೂಗು ಒರ್ಸ್ಕೊಳ್ಳೋ ತನಕ ಹೋತ ನಿಂತಿರುತ್ತಾ?"

"ಆ ಹೋತಕ್ಕೆ ನಿನಗಿಂತ ಕರುಣೆ ಇರುತ್ತೆ, ಬಾರ್ಲಾ."

"ಹಂಗಾದ್ರೆ ಹೋಗಿ ಅದರ ಹತ್ರಾನೇ ಕುಸ್ತಿ ಆಡು."

ಅವನು ಎದ್ದ. ಮಂಡಿಯ ಮೇಲೆ ಕೈಯೂರಿ, ಹೊಟ್ಟನ್ನು ಉಗುಳುತ್ತಾ, ಹಂದಿಯಂತೆ ಏದುಸಿರು ಬಿಡುತ್ತಾ ಎದ್ದ. ನಾನು ಮತ್ತೆ ಹಿಡಿದೆ, ಮತ್ತೆ ಎತ್ತಿದೆ. ಅಷ್ಟು ಹೊಟ್ಟೆ ಇದ್ದ ಮನುಷ್ಯ ಬೀಳುವಾಗ ನೆಲ ಒಂದು ಸಲ ಅದುರುತ್ತಿತ್ತು.

ಅಪ್ಪನ ಹೆಸರು ಜಾಕೆನ್. ಆಯುಷ್ಯವೆಲ್ಲ ಕಾಡಿನಲ್ಲಿ ಮರ ಕಡಿದವನು. ಅರವತ್ತು ದಾಟಿದ ಮೇಲೆ ಕೊಡಲಿ ಇಟ್ಟು ಬಿಯರ್ ಹಿಡಿದವನು. ಚರ್ಚಿನ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಬಾಗಿಲ ಮೇಲಿನ ಸಂತನ ಮೂರ್ತಿಯನ್ನು ಭಕ್ತಿಯಿಂದ ನೋಡುವವನಂತೆ ನಟಿಸುತ್ತಿದ್ದ. ಅಂಥವನಿಗೆ ಆ ವರ್ಷ ಐಬೆಕ್ಸ್ ಬೇಟೆಯ ಸರದಿ ಬಂದಿತು. ಜಿಂಕೆಯನ್ನು ಇಲ್ಲಿ ಯಾವ ಗಂಡಸಾದರೂ ಪ್ರತಿ ಸೆಪ್ಟೆಂಬರಿನಲ್ಲಿ ಹೊಡೆಯುತ್ತಾನೆ. ಐಬೆಕ್ಸ್ ಹಾಗಲ್ಲ. ನಾವು ಬೆಟ್ಟದ ಹೋತ ಎನ್ನುವ ಆ ಪ್ರಾಣಿ ಹುಲ್ಲು ಮುಗಿದು ಬರಿಯ ಕಲ್ಲು ಶುರುವಾಗುವಲ್ಲಿ ಇರುತ್ತದೆ. ಅದಕ್ಕೆ ವರ್ಷಗಟ್ಟಲೆ ಕಾಯಬೇಕು, ಸರದಿ ಬಂದಾಗ ಹೋಗಬೇಕು, ಮತ್ತೊಮ್ಮೆ ಸರದಿ ಬರುವಷ್ಟರಲ್ಲಿ ಹೆಚ್ಚಿನವರು ಕೋಲು ಹಿಡಿದಿರುತ್ತಾರೆ. ಬೇಟೆಗಾರನೇ ಕಾಲ್ನಡಿಗೆಯಲ್ಲಿ ಏರಬೇಕು. ಮೊದಲು ಒಂದು ಹೆಣ್ಣಾಡನ್ನು ಹೊಡೆದು ಇಳಿಸಬೇಕು. ಆಮೇಲಷ್ಟೇ ಹೋತ. ಒಂದು ಹೆಣ್ಣು, ಒಂದು ಗಂಡು, ಅಲ್ಲಿಗೆ ಮುಗಿಯಿತು. ಸುಲಭದ ದೊಡ್ಡ ಕೋಡಿಗೆ ಎಲ್ಲರೂ ಬಾಯಿ ಬಿಡಬಾರದೆಂದು ಹೀಗೆ ಮಾಡಿದ್ದಾರೆ.

ಸುದ್ದಿ ಬಂದ ದಿನ ಪಾನಗೃಹದಲ್ಲಿ ಅಪ್ಪನ ಹಳೆಯ ಜೊತೆಗಾರ ಬಾಲ್ಜರ್ ಮೇಜು ಬಡಿದು ನಕ್ಕಿದ್ದ.

"ಜಾಕೆನ್, ನಾನು ಎದುರು ಗುಡ್ಡದ ಮೇಲೆ ದುರ್ಬೀನು ಹಾಕ್ಕೊಂಡು ಕೂತಿರ್ತೀನಿ ಕಣೋ."

"ಯಾಕೆ, ನನ್ನ ಗುರಿ ನೋಡಿ ಕಲಿಯೋಕಾ?"

"ಅಲ್ಲ, ನೀನು ಬಿದ್ದ ತಕ್ಷಣ ಹೆಲಿಕಾಪ್ಟರಿಗೆ ಫೋನ್ ಮಾಡೋಕೆ. ಹೆಣಕ್ಕೆ ಹೆಲಿಕಾಪ್ಟರ್ ಬಿಡ್ತಾರೆ, ಬೇಟೆಗಷ್ಟೇ ಬಿಡಲ್ಲ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಮನೆಗೆ ಬಂದವನೇ ಅಡುಗೆಮನೆಯ ಕುರ್ಚಿಯೊಂದನ್ನು ಗೋಡೆಗೆ ಅಪ್ಪಳಿಸಿ ಮುರಿದ. ಮಾರನೆಯ ದಿನ ಮಿಲ್ಲಿಗೆ ಬಂದು, ಟೋಪಿ ತೆಗೆದು, ನನ್ನನ್ನು ಕೇಳಿದ: "ನನ್ನನ್ನ ತಯಾರು ಮಾಡ್ತೀಯಾ?"

ಟೋಪಿ ತೆಗೆದು ಅವನು ನನ್ನ ಮುಂದೆ ನಿಂತದ್ದು ಅದೇ ಮೊದಲು. ನನ್ನ ಚಿಕ್ಕಂದಿನಲ್ಲಿ ಅವನು ನನ್ನ ಮುಂದೆ ನಿಲ್ಲುತ್ತಿದ್ದದ್ದು ಬೇಟೆನಾಯಿಯನ್ನು ಕಟ್ಟುವ ಚರ್ಮದ ಪಟ್ಟಿ ಹಿಡಿದು. ಹಾಲು ಚೆಲ್ಲಿದ್ದಕ್ಕೆ, ಬಾಗಿಲು ಜೋರಾಗಿ ಹಾಕಿದ್ದಕ್ಕೆ, ಕೆಲವು ಸಲ ಯಾವುದಕ್ಕೂ ಅಲ್ಲ. ಅಮ್ಮ ಆ ಹೊತ್ತಿಗೆ ನೀರಿನ ನಲ್ಲಿ ಪೂರ್ತಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದಳು. ನಾನು ಹದಿನಾರಕ್ಕೆ ಕುಸ್ತಿಗೆ ಸೇರಿದೆ. ಅವನು ನಿಲ್ಲಿಸಿದ. ಅಮ್ಮ ಸತ್ತಳು. ಆ ಪಟ್ಟಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ನಾನು ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ಒಂದೇ ಒಂದು ಸಲ, ಮಿಲ್ಲಿಗೆ ಸೇರಿದ ಹೊಸದರಲ್ಲಿ, ಆ ಪಟ್ಟಿಯ ಬಗ್ಗೆ ಅವನನ್ನು ಕೇಳಲು ಹೋಗಿದ್ದೆ. ಮಾತು ಶುರುಮಾಡುತ್ತಲೇ ಅವನು ಎದೆ ಹಿಡಿದುಕೊಂಡು ಕುಕ್ಕರಿಸಿದ, ಉಸಿರಿಲ್ಲ ಅಂದ, ನೀರು ಕೇಳಿದ. ನಾನೇ ನೀರು ಕೊಟ್ಟೆ. ಏದುಸಿರು ಬಿಡುವ ಮುದುಕನನ್ನು ಏನೂ ಕೇಳಲಾಗುವುದಿಲ್ಲ. ಹಾಗಾಗಿ ಅವನಿಗೆ ಉಸಿರು ಬರಿಸಬೇಕು ಅಂದುಕೊಂಡೆ. ಕಾಲು ಗಟ್ಟಿಮಾಡಬೇಕು, ಎದೆ ಗಟ್ಟಿಮಾಡಬೇಕು, ಹೋತ ಬಿದ್ದು ಅವನು ಅದರ ಪಕ್ಕ ಗಂಡಸಿನ ಹಾಗೆ ನೆಟ್ಟಗೆ ನಿಂತಾಗ ಕೇಳಬೇಕು. ಅವನಿಗೆ ಬೇಕಾದದ್ದು ಹೋತ. ನನಗೆ ಬೇಕಾದದ್ದು ಉತ್ತರ. ಎರಡಕ್ಕೂ ಬೇಕಾಗಿದ್ದದ್ದು ಒಂದೇ ದೇಹ.

ಆ ದೇಹವನ್ನು ನಾನು ಕರುಣೆಯಿಲ್ಲದೆ ದುಡಿಸಿದೆ. ಬೆಳಿಗ್ಗೆ ದನಕ್ಕೆ ಹಾಕುವ ಉಪ್ಪಿನ ಗಟ್ಟಿಗಳನ್ನು ಚೀಲದಲ್ಲಿ ತುಂಬಿ ಅವನ ಬೆನ್ನಿಗೆ ಕಟ್ಟಿ ಮೇಲಿನ ಹುಲ್ಲುಗಾವಲಿಗೆ ಅಟ್ಟುತ್ತಿದ್ದೆ. ಹಿಂದಿನಿಂದ ನಾನು, ಕೈಯಲ್ಲೊಂದು ಹಸಿಬರಲಿನ ಕೋಲು. ನಿಂತರೆ ಮೀನಖಂಡಕ್ಕೆ ಬೀಳುತ್ತಿತ್ತು. ಅವನು ತಿರುಗಿ ನೋಡುತ್ತಿದ್ದ, ನಡೆಯುತ್ತಿದ್ದ. ದಾರಿಯ ಪಕ್ಕ ವಾಂತಿ ಮಾಡಿ ಬಾಯಿ ಒರೆಸಿಕೊಂಡು ಮತ್ತೆ ನಡೆಯುತ್ತಿದ್ದ. ಜುಲೈನಲ್ಲಿ ಒಂದು ಸಂಜೆ ಎಸೆದಾಗ ಅವನ ಪಕ್ಕೆಲುಬು ಬಿರುಕು ಬಿಟ್ಟಿತು. ಒಂದು ವಾರ ಬಟ್ಟೆ ಬಿಗಿದುಕೊಂಡು ಬರಿಯ ಮೆಟ್ಟಿಲು ಹತ್ತಿಸಿದೆ. ಆಮೇಲೆ ಮತ್ತೆ ಅಖಾಡ.

ಗುರಿಯ ಅಭ್ಯಾಸವೂ ಹಾಗೆಯೇ. ಹುಲ್ಲುಗಾವಲಿನ ಏರಿನಲ್ಲಿ ಓಡಿಸುವುದು, ತುದಿಯಲ್ಲಿ ಕಾಯ್ದಿದ್ದು ಕೆಡಹುವುದು, ಏಳುತ್ತಲೇ ಕೈಗೆ ಗುಂಡಿಲ್ಲದ ಬಂದೂಕು ಕೊಡುವುದು. ದೂರದ ಬೇಲಿಗೂಟಕ್ಕೆ ಒಂದು ಬಿಳಿ ತಟ್ಟೆ ಕಟ್ಟಿದ್ದೆ. ಬಂದೂಕಿನ ಮೂತಿ ಕುಡುಕನ ತಲೆಯಂತೆ ತೂಗುತ್ತಿತ್ತು.

"ಉಸಿರು ಹಿಡಿ. ಪೂರ್ತಿ ಅಲ್ಲ, ಅರ್ಧ ಬಿಟ್ಟು ಹಿಡಿ."

"ಗೊತ್ತೇ ನನಗೆ. ನೀನು ಹುಟ್ಟೋಕ್ಕೆ ಮುಂಚೆಯಿಂದ ಹೊಡೀತಿದೀನಿ."

"ಹೌದೌದು. ಹುಟ್ಟಿದ ಮೇಲೂ ಹೊಡೆದಿದೀಯ."

ಮೂತಿ ಒಂದು ಕ್ಷಣ ಅಲ್ಲಾಡದೆ ನಿಂತಿತು. ಅವನು ಬಂದೂಕಿನ ಕುದುರೆ ಎಳೆದ. ಟಿಕ್ ಅಂತ ಬರಿಯ ಸದ್ದು. ತಟ್ಟೆ ಇದ್ದ ಕಡೆಯೇ ನೋಡುತ್ತಾ, "ಬಿತ್ತು ಅದು," ಅಂದ.

ಸುಳ್ಳು ಹೇಳಿದರೆ ಏನು ಬಂತು, ಆ ಬೇಸಿಗೆ ನನಗೆ ಸುಖವಾಗಿತ್ತು. ಅವನನ್ನು ಎತ್ತುವಾಗ ನನ್ನ ಕಿವಿಯ ಪಕ್ಕ ಅವನ ಉಸಿರು ಕತ್ತರಿಸಿಕೊಳ್ಳುವುದು, ಬೀಳುವಾಗ ಹಲ್ಲು ಕಟಕ್ಕನ್ನುವುದು, ಎದ್ದಾಗ ಕಣ್ಣಿನಲ್ಲಿ ನೀರು. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಅವನಿಗೂ ಬರುತ್ತಿತ್ತಂತೆ. ಹೊಟ್ಟೆ ಕರಗಿತು, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದ. ಕತ್ತಿನ ಹಿಂದೆ ಹಳೆಯ ಮರಕಡಿಯುವವನ ಹುರಿ ಮತ್ತೆ ಎದ್ದು ಬಂತು. ಸೆಪ್ಟೆಂಬರಿನ ಕೊನೆಗೆ ಒಂದು ಸಂಜೆ ಅವನು ನನ್ನ ಹಿಡಿತದ ಕೆಳಗೆ ನುಸುಳಿ, ಸೊಂಟವನ್ನು ನನ್ನ ಸೊಂಟದಡಿ ತುರುಕಿ ತಿರುಗಿದ. ಆಕಾಶ ಕಂಡಿತು, ಮಿಲ್ಲಿನ ಚಿಮಣಿ ತಲೆಕೆಳಗಾಗಿ ಕಂಡಿತು, ಬೆನ್ನಿಗೆ ಹೊಟ್ಟು ತಾಗಿತು. ಅವನು ನನ್ನ ಮೇಲೆ ನಿಂತು ಮಗುವಿನ ಹಾಗೆ ನಗುತ್ತಿದ್ದ. ನಾನು ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದೆ, ಚಿಕ್ಕಂದಿನ ಹಾಗೆ.

"ತಯಾರಾದೆನಾ?" ಅಂದ.

"ಆದೆ," ಅಂದೆ.

ಅಕ್ಟೋಬರಿನ ಎರಡನೆಯ ವಾರ ಹೊರಟೆವು. ಬೇಟೆಗಾರನ ಜೊತೆ ಹೊರಲು, ದೂರ ನೋಡಲು ಒಬ್ಬರು ಹೋಗಬಹುದು. ಬಂದೂಕು ಅವನದು, ದೊಡ್ಡ ದುರ್ಬೀನು, ಹಗ್ಗ ನನ್ನವು. ಮೇಲಿನ ಗುಡಿಸಲಿನಲ್ಲಿ ಮಲಗಿ, ಬೆಳಕು ಹರಿಯುವಾಗ ಒಣಮಾಂಸ ಅಗಿಯುತ್ತಾ ಕಲ್ಲುಹಾಸಿನ ಮೇಲೆ ಏರತೊಡಗಿದೆವು. ನೆರಳಿನಲ್ಲಿ ಹೊಸ ಹಿಮ ಇತ್ತು. ಗಾಳಿ ತೆಳುವಾಗಿ ಗಂಟಲು ಕೆರೆಯುತ್ತಿತ್ತು. ಅಪ್ಪ ಮುಂದೆ, ನಾನು ಹಿಂದೆ. ನನ್ನ ಕೈಯಲ್ಲಿ ಕೋಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನನಗೇ ಏದುಸಿರು ಬಂದು ನಿಂತಾಗ ಅವನು ತಿರುಗಿದ.

"ಏನೇ, ಸಂತನ ಮೂರ್ತಿ ನೋಡ್ತಿದ್ದೀಯಾ?"

"ಮುಚ್ಕೊಂಡು ನಡಿ."

ಎದುರು ಗುಡ್ಡದ ನೆತ್ತಿಯಲ್ಲಿ ಒಂದು ಕ್ಷಣ ಗಾಜು ಮಿನುಗಿತು. ಬಾಲ್ಜರ್ ಮಾತು ಉಳಿಸಿಕೊಂಡಿದ್ದ. ಅಪ್ಪ ಆ ಕಡೆಗೆ ಟೋಪಿ ತೆಗೆದು ಬೀಸಿದ.

ಬೆಳಿಗ್ಗೆ ಮುಗಿಯುವ ಮೊದಲೇ ಬೆಟ್ಟದ ಬೆನ್ನಿನಂಥ ಏಣಿನಾಚೆಯ ತಗ್ಗೊಂದರಲ್ಲಿ ಅದು ಕಂಡಿತು. ಒಂಟಿ ಪ್ರಾಣಿ, ಕಲ್ಲಿನ ಬಣ್ಣ, ಗಿಡ್ಡ ಕೋಡು. ನಾವು ಬಂಡೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿದೆವು. ಎಲ್ಲ ಬೇಟೆಗಾರರೂ ಹೆದರುವ ಗಳಿಗೆ ಇದು. ದೊಡ್ಡ ಹೋತವನ್ನು ಕುರುಡನೂ ಗುರುತಿಸುತ್ತಾನೆ. ಆದರೆ ಎಳೆಯ ಗಂಡಿಗೂ ಬಲಿತ ಹೆಣ್ಣಿಗೂ ಕೋಡಿನ ಉದ್ದ ಹೆಚ್ಚುಕಮ್ಮಿ ಒಂದೇ.

"ಹೆಣ್ಣು," ಅಂದ ಅಪ್ಪ.

ನಾನು ದುರ್ಬೀನಿನಲ್ಲಿ ನೋಡಿದೆ. ಕೋಡಿನ ಬುಡ ದಪ್ಪ. ಎರಡು ಬುಡಗಳ ನಡುವೆ ಹಣೆ ಕಾಣುತ್ತಲೇ ಇಲ್ಲ. ಕುತ್ತಿಗೆ ಮೋಟು.

"ಗಂಡು. ಎಳೇದು. ಹೊಡೀಬೇಡ."

"ಹೆಣ್ಣು ಕಣೇ. ಕೋಡು ನೋಡು, ಕಡ್ಡಿ ಹಂಗಿದೆ."

"ಬುಡ ನೋಡು ಅಪ್ಪ. ಸ್ವಲ್ಪ ತಡಿ. ಉಚ್ಚೆ ಹೊಯ್ಯೋ ತನಕ ಕಾಯಿ, ಕೂತು ಹೊಯ್ಯುತ್ತಾ ನಿಂತು ಹೊಯ್ಯುತ್ತಾ ಗೊತ್ತಾಗುತ್ತೆ."

"ಅಷ್ಟರಲ್ಲಿ ಏಣು ದಾಟಿರುತ್ತೆ."

"ದಾಟ್ಲಿ. ಇನ್ನೂ ದಿನಗಳಿವೆ."

ಅವನು ಬಂದೂಕಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ. ಎಷ್ಟೋ ವರ್ಷಗಳ ನಂತರ ಅವನು ನನ್ನನ್ನು ಪೂರ್ತಿಯಾಗಿ ನೋಡಿದ್ದು ಆಗಲೇ ಇರಬೇಕು. ಬೇಸಿಗೆಯ ಒಂದೊಂದು ಹೊಡೆತವನ್ನೂ ನೆನೆಸಿಕೊಳ್ಳುತ್ತಿದ್ದಾನೆ ಅನಿಸಿತು.

"ನಿನಗೆ ನನ್ನ ಬೇಟೆ ಹಾಳಾಗಬೇಕು," ಅಂದ ಮೆಲ್ಲಗೆ. "ಮೊದಲಿನಿಂದಲೂ ಅದಕ್ಕೇ ಬಂದಿದ್ದೀಯ. ನನಗೇನು ಗೊತ್ತಾಗಲ್ವಾ?"

"ಅಪ್ಪ, ಅದು ಗಂಡು."

ಅವನು ಅರ್ಧ ಉಸಿರು ಬಿಟ್ಟು ಹಿಡಿದ. ಮೂತಿ ಕಲ್ಲಿನಷ್ಟು ಸ್ಥಿರವಾಗಿತ್ತು. ಹೊಡೆದ.

ಪ್ರಾಣಿ ಮುಂಗಾಲಿನ ಮೇಲೆ ಕುಸಿದು, ಎದ್ದು, ಹಿಂಗಾಲು ಎಳೆದುಕೊಂಡು ಒಂದಷ್ಟು ದೂರ ಹೋಗಿ ಕಲ್ಲುಗಳ ಮಧ್ಯೆ ಬಿತ್ತು. ನಾವು ಓಡಿದೆವು. ಅದು ಸತ್ತಿರಲಿಲ್ಲ. ಬಾಯಿಯಿಂದ ಗುಲಾಬಿ ಬಣ್ಣದ ನೊರೆ ಬರುತ್ತಿತ್ತು, ಕೋಡಿನಿಂದ ಕಲ್ಲನ್ನು ಬಡಿಯುತ್ತಿತ್ತು, ಒಂದು ಕಾಲು ಮಾತ್ರ ಇನ್ನೂ ಬೆಟ್ಟ ಹತ್ತುವಂತೆ ಗಾಳಿಯಲ್ಲಿ ತುಳಿಯುತ್ತಿತ್ತು. ಅಪ್ಪ ಕೋಡು ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿ, ಮಂಡಿಯನ್ನು ಕುತ್ತಿಗೆಗೆ ಒತ್ತಿ, ಚಾಕು ಹಾಕಿದ. ರಕ್ತ ಅವನ ಮೊಣಕೈವರೆಗೆ ಹಾರಿತು. ಹಿಮದ ಮೇಲೆ ಬಿದ್ದಲ್ಲೆಲ್ಲ ಹಬೆ ಎದ್ದಿತು. ಕಾಲು ನಿಂತಿತು.

ಹಿಂಗಾಲು ಎತ್ತಿ ನೋಡಿದ. ನೋಡುತ್ತಲೇ ಇದ್ದ. ಗಂಡು.

ನಾನು ದುರ್ಬೀನನ್ನು ಚೀಲದೊಳಗೆ ಹಾಕಿದೆ.

ನಮ್ಮಲ್ಲಿ ಇಂಥ ತಪ್ಪಿಗೆ ದಾರಿ ಒಂದೇ. ತಪ್ಪು ಪ್ರಾಣಿ ಹೊಡೆದವನು ಅದನ್ನು ತಾನೇ ಹೊತ್ತು ತಂದು ಬೇಟೆ ಕಾವಲುಗಾರನ ಮುಂದೆ ಇಟ್ಟು, ನಾನೇ ಹೊಡೆದೆ ಎನ್ನಬೇಕು. ಹೇಳಿದವನ ತಪ್ಪು ಅರ್ಧ ಮಾಫಿ. ಆದರೆ ಪ್ರಾಣಿ ಲೆಕ್ಕಕ್ಕೆ ಸೇರುತ್ತದೆ. ಅಪ್ಪನಿಗಿದ್ದದ್ದು ಒಂದು ಗಂಡು. ಆ ಗಂಡು ಇದಾಯಿತು. ದೊಡ್ಡ ಹೋತ ಇನ್ನಿಲ್ಲ, ಈ ಜನ್ಮಕ್ಕೆ ಇಲ್ಲ.

"ಯಾರೂ ನೋಡಿಲ್ಲ," ಅಂದ ಅಪ್ಪ. "ಈ ತಗ್ಗು ಬಾಲ್ಜರನಿಗೆ ಕಾಣಲ್ಲ."

"ನಾನು ನೋಡಿದೀನಿ."

"ಕೊರಕಲಿಗೆ ಹಾಕಿದ್ರೆ ಹದ್ದು ತಿನ್ನುತ್ತೆ. ಮಧ್ಯಾಹ್ನ ಬೇರೆ ಹೆಣ್ಣು ಹುಡ್ಕೋಣ."

"ಇಲ್ಲ. ಹೊತ್ಕೊಂಡು ಕೆಳಗೆ ಹೋಗೋಣ."

"ಬಾರ್ಲಾ, ಆ ದೊಡ್ಡ ಹೋತಕ್ಕೇ ನಾನು ಇಡೀ ಬೇಸಿಗೆ ನಿನ್ನ ಕೈಯಲ್ಲಿ ಒದೆ ತಿಂದಿದೀನಿ."

"ಅದಕ್ಕಲ್ಲ ತಿಂದಿದ್ದು," ಅಂದೆ.

ಅವನು ಕೋಡು ಹಿಡಿದು ಎಳೆಯತೊಡಗಿದ. ನಾನು ಹಿಂಗಾಲು ಹಿಡಿದು ಆ ಕಡೆ ಎಳೆದೆ. ನಮ್ಮ ಮಧ್ಯೆ ಪ್ರಾಣಿ ಉದ್ದಕ್ಕೆ ಚಾಚಿಕೊಂಡಿತು. ಕತ್ತಿನ ಗಾಯ ಬಾಯಿ ತೆರೆದಂತೆ ತೆರೆಯಿತು. ಅವನು ಕೋಡು ಬಿಟ್ಟು ಬಂದು ನನ್ನ ಕೆನ್ನೆಗೆ ಹೊಡೆದ. ಅಂಗೈಯಿಂದ, ತೋಳು ಪೂರ್ತಿ ಬೀಸಿ. ಆ ಕೈ ಬರುವ ದಾರಿ ನನ್ನ ಮೈಗೆ ಗೊತ್ತಿತ್ತು. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಪ್ರಾಣಿಯ ರಕ್ತವೂ ನನ್ನ ರಕ್ತವೂ ಬಾಯಲ್ಲಿ ಒಂದೇ ರುಚಿಯಾಗಿದ್ದವು.

ನಾನು ಅವನ ಬೆಲ್ಟು ಹಿಡಿದೆ.

ಅಲ್ಲಿ ಹೊಟ್ಟಿರಲಿಲ್ಲ, ಕಲ್ಲಿತ್ತು. ಮೊದಲ ಸಲ ಅವನನ್ನು ಕೆಡಹಿದಾಗ ಅವನ ಮೊಣಕೈ ಬಂಡೆಗೆ ಬಡಿದು ಚರ್ಮ ಕಿತ್ತುಬಂತು. ಬಿದ್ದಲ್ಲಿಂದಲೇ ನನ್ನ ಮಂಡಿಗೆ ಬೂಟಿನಿಂದ ಒದ್ದ. ನಾನು ಅವನ ಮೇಲೆ ಬಿದ್ದೆ, ಕೈಗೆ ಸಿಕ್ಕ ಕಿವಿಯನ್ನು ತಿರುಚಿದೆ. ಅವನು ಹಣೆಯಿಂದ ನನ್ನ ಮೂಗಿಗೆ ಗುದ್ದಿದ. ಉರುಳಿದೆವು. ಅವನು ಬೈಯುತ್ತಿದ್ದ, ನಾನು ಬೈಯುತ್ತಿದ್ದೆ, ಯಾರು ಏನು ಅಂದರೋ ನೆನಪಿಲ್ಲ. ಒಂದು ಮಾತ್ರ ನೆನಪಿದೆ: ಅವನು ಸುಸ್ತಾಗುತ್ತಿರಲಿಲ್ಲ. ನಾನು ಕಾಯುತ್ತಿದ್ದೆ, ಈಗ ಏದುಸಿರು ಬರುತ್ತದೆ, ಈಗ ಎದೆ ಹಿಡಿಯುತ್ತಾನೆ ಎಂದು. ಬರಲಿಲ್ಲ. ಇಬ್ಬರೂ ಎದ್ದು ನಿಂತು ಮತ್ತೆ ಹಿಡಿದಾಗ ಅವನ ಸೊಂಟ ನನ್ನ ಸೊಂಟದಡಿ ಬಂತು. ನಾನೇ ಕಲಿಸಿದ ಪಟ್ಟು, ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ. ಭುಜದ ಮೇಲೆ ಬಿದ್ದೆ. ಭುಜದ ಬಳಿಯ ಕೊರಳೆಲುಬು ಮುರಿದ ಸದ್ದು ಹೊರಗಿನಿಂದಲ್ಲ, ತಲೆಯ ಒಳಗಿನಿಂದ ಕೇಳಿತು.

ಅವನು ಮುಷ್ಟಿ ಎತ್ತಿ ನನ್ನ ಮೇಲೆ ನಿಂತಿದ್ದ. ನೆಟ್ಟಗೆ, ಉಸಿರು ತಪ್ಪದೆ. ಇಡೀ ಬೇಸಿಗೆ ನಾನು ಕಟ್ಟಿದ ಮನುಷ್ಯ ಇವನೇ.

"ಯಾಕೆ ಹೊಡೀತಿದ್ದೆ ನನ್ನ?" ಅಂದೆ ಕೆಳಗಿನಿಂದ.

"ಈಗ ನೀನೇ ಅಲ್ವಾ ಮೊದಲು..."

"ಈಗಲ್ಲ. ಆಗ."

ಅವನು ಮುಷ್ಟಿ ಇಳಿಸಿದ. "ಆ ಹಳೇದೆಲ್ಲ ಯಾಕೆ ಈಗ?" ಎಂದು, ಪ್ರಾಣಿಯನ್ನು ಎಳೆದುಕೊಂಡು ಏಣಿನ ಅಂಚಿಗೆ ಹೋದ. ಬೂಟಿನಿಂದ ಒದ್ದು ತಳ್ಳಿದ.

ನಾನು ಎಡಗೈ ಊರಿ ಎದ್ದು ಅಂಚಿಗೆ ಬಂದೆ. ಅದು ಕೊರಕಲಿನ ತಳ ಸೇರಿರಲಿಲ್ಲ. ಮೂರಾಳುದ್ದ ಕೆಳಗೆ ಚಾಚಿದ ಒಂದು ಬಂಡೆಯ ಮೇಲೆ ಬಿದ್ದು, ಕಾಲು ನಾಲ್ಕೂ ಆಕಾಶಕ್ಕೆ ಮಾಡಿ, ಪ್ರದರ್ಶನಕ್ಕೆ ಇಟ್ಟಂತೆ ಬಿಸಿಲಿನಲ್ಲಿ ಮಲಗಿತ್ತು. ಎದುರು ಗುಡ್ಡದಲ್ಲಿ ಗಾಜು ಮಿನುಗಿತು. ನಿಂತಿತು. ಮತ್ತೆ ಮಿನುಗಿತು.

ಅಪ್ಪ ಹೊಲಸು ಬೈದ. ಚೀಲದಿಂದ ಹಗ್ಗ ಕಿತ್ತುಕೊಂಡು ಬಂಡೆಗೆ ಸುತ್ತಿ ಇಳಿಯತೊಡಗಿದ. ಅದನ್ನು ಪೂರ್ತಿ ಕೆಳಗೆ ತಳ್ಳಲು ಹೋದನೋ, ತರಲು ಹೋದನೋ, ಅವನಿಗೂ ಗೊತ್ತಿರಲಿಲ್ಲವೆಂದು ಈಗಲೂ ಅಂದುಕೊಳ್ಳುತ್ತೇನೆ. ಕೆಳಗೆ ಹೋಗಿ, ಕಾಲು ಅಗಲಿಸಿ ಅದರ ಮೇಲೆ ನಿಂತ. ಒಂದು ಒದೆ ಸಾಕಿತ್ತು.

"ಒದಿ ಅಪ್ಪ," ಮೇಲಿನಿಂದ ಕೂಗಿದೆ. "ಒದ್ದು ಅಭ್ಯಾಸ ಇದೆಯಲ್ಲ. ಬಾಲ್ಜರ್ ಮಾಮನೂ ನೋಡ್ಲಿ."

ಅವನು ತಲೆ ಎತ್ತಿದ. ಮುಖದ ತುಂಬ ರಕ್ತ, ಕಿವಿ ಊದಿಕೊಂಡು ಅಣಬೆಯಂತಾಗಿತ್ತು. ತೋಳಿನಿಂದ ಕಣ್ಣಿನ ಮೇಲಿನ ರಕ್ತ ಒರೆಸಿಕೊಂಡ.

"ಕೋಡಿನ ಬುಡ ನೋಡು ಅಂದ್ಯಲ್ಲ," ಅಂದ ಕೊನೆಗೆ. "ಏನು ನೋಡ್ದೆ ಬುಡದಲ್ಲಿ?"

"ನಡುವೆ ಹಣೆ ಕಾಣ್ತಿರಲಿಲ್ಲ. ಹೆಣ್ಣಿಗೆ ಎರಡು ಬೆರಳು ಜಾಗ ಇರುತ್ತೆ."

ಅವನು ಬಾಗಿ ಪ್ರಾಣಿಯ ಕೋಡುಗಳ ನಡುವೆ ಬೆರಳಿಟ್ಟು ನೋಡಿದ. ಆಮೇಲೆ ಹಗ್ಗದ ತುದಿಯಿಂದ ಅದರ ಕಾಲುಗಳನ್ನು ಕಟ್ಟಿ, ಬೆನ್ನಿಗೆ ಹಾಕಿಕೊಂಡು, ಹಗ್ಗ ಹಿಡಿದು ಏರಿದ. ಪ್ರಾಣಿಯ ತಲೆ ಅವನ ಭುಜದ ಮೇಲಿಂದ ತೂಗಾಡುತ್ತಾ ಅವನ ಕೆನ್ನೆಗೆ ಬಡಿಯುತ್ತಿತ್ತು. ಎರಡು ಸಲ ಕಾಲು ಜಾರಿತು. ನಾನು ಕೈ ಕೊಡಲಿಲ್ಲ. ಮೇಲೆ ಬಂದವನು ನನ್ನ ತೋಳಿನತ್ತ ಕೈ ಚಾಚಿದ.

"ಮುಟ್ಟಬೇಡ."

ಅವನು ಕೈ ಹಿಂದೆ ತೆಗೆದ. ನಾನು ಶಾಲನ್ನು ಹಲ್ಲಿನಿಂದ ಗಂಟು ಹಾಕಿ ತೋಳು ಕಟ್ಟಿಕೊಂಡೆ. ಅವನು ಪ್ರಾಣಿಯ ಹೊಟ್ಟೆ ಸೀಳಿ ಕರುಳು ತೆಗೆದ, ಬೇಟೆಗಾರರ ಪದ್ಧತಿಯಂತೆ ಒಂದು ಎಸಳು ಹುಲ್ಲನ್ನು ಕೊನೆಯ ತುತ್ತೆಂದು ಅದರ ಬಾಯಿಗಿಟ್ಟ. ಇಬ್ಬರೂ ಇಳಿದೆವು. ಪ್ರತಿ ಹೆಜ್ಜೆಗೂ ಎಲುಬಿನ ಎರಡು ತುದಿಗಳು ಒಂದನ್ನೊಂದು ಉಜ್ಜುತ್ತಿದ್ದವು.

ಊರಿನ ಅಂಚಿನಲ್ಲಿ ಬೇಟೆ ಕಾವಲುಗಾರ ಮುದೆಸ್ತ್‌ನ ಕೊಟ್ಟಿಗೆ ಇದೆ. ಹೊಡೆದದ್ದನ್ನೆಲ್ಲ ಅಲ್ಲಿ ಅವನಿಗೆ ತೋರಿಸಬೇಕು. ಸಂಜೆಯಾದ್ದರಿಂದ ಗಂಡಸರು ಬಿಯರ್ ಹಿಡಿದು ಸೇರಿದ್ದರು. ಬಾಲ್ಜರ್ ನಮಗಿಂತ ಮೊದಲೇ ಇಳಿದು ಬಂದಿದ್ದ, ದುರ್ಬೀನು ಕೊರಳಲ್ಲೇ ಇತ್ತು. ಅವನು ಎಲ್ಲಿಂದ ಎಲ್ಲಿಯವರೆಗೆ ನೋಡಿದ್ದನೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ನೇರ ಒಳಗೆ ಹೋಗಿ ಪ್ರಾಣಿಯನ್ನು ತಗಡಿನ ಮೇಜಿನ ಮೇಲೆ ಇಳಿಸಿದ.

"ಹೆಣ್ಣು ಅಂದ್ಕೊಂಡು ಹೊಡೆದೆ. ಗಂಡು. ಅದು ಗಂಡು ಅಂತ ಇವಳು ಹೇಳಿದ್ಲು, ನಾನು ನಂಬಲಿಲ್ಲ. ಕೊರಕಲಿಗೂ ಹಾಕಿದ್ದೆ, ಮತ್ತೆ ಹೋಗಿ ತಂದೆ."

ಮುದೆಸ್ತ್ ಪ್ರಾಣಿಯ ಹಿಂಗಾಲು ಎತ್ತಿ ನೋಡಿ ಇಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ನಿನಗೇನಾಯ್ತಮ್ಮ?"

"ಕಲ್ಲು ಜಾರಿತು," ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು.

"ಜಾರಲಿಲ್ಲ," ಅಂದ ಅಪ್ಪ. "ಅದೂ ನಾನೇ ಮಾಡಿದ್ದು. ಹೊಡೆದೆ, ಎಸೆದೆ, ಮುರೀತು."

ಒಬ್ಬ ಕೆಮ್ಮಿದ. ಬಾಲ್ಜರ್ ಮುಂದೆ ಬಂದು ಅಪ್ಪನ ಹೆಗಲ ಮೇಲೆ ಕೈ ಹಾಕಿದ. ಅವನ ಕಣ್ಣು ಒದ್ದೆಯಾಗಿತ್ತು, ಬಿಯರಿನಿಂದಲೋ ಏನೋ. "ನೀನೇ ಹೇಳ್ದೆಯಲ್ಲೋ ಜಾಕೆನ್. ಮುಚ್ಚಿಡ್ಲಿಲ್ಲ. ಅದೇ ದೊಡ್ಡದು ಬಿಡು." ಇನ್ನಿಬ್ಬರು ಹೌದೆಂದು ತಲೆಯಾಡಿಸಿದರು. ಒಬ್ಬ ಅವನ ಕೈಗೆ ಬಾಟಲಿ ಕೊಡಲು ಬಂದ. ಎಳೆಯ ಹೋತಕ್ಕೆ ಸಿಗುವ ಅರ್ಧ ಮಾಫಿ ನನ್ನ ಎಲುಬಿಗೂ ಅಷ್ಟರಲ್ಲೇ ಸಿಕ್ಕಿಬಿಟ್ಟಿತ್ತು. ಅಪ್ಪನ ಮುಖ ಸಡಿಲವಾಗುತ್ತಿತ್ತು. ಹೊರೆ ಇಳಿಸಿದವನ ಮುಖ. ಅವನು ನನ್ನನ್ನು ನೋಡಿದ, ನನ್ನಿಂದಲೂ ಏನೋ ಬರುತ್ತದೆ ಎಂಬಂತೆ.

"ಬಾಲ್ಜರ್ ಮಾಮ, ಕೈ ತೆಗೀರಿ," ಅಂದೆ. "ಅವನು ಇನ್ನೂ ಮುಗಿಸಿಲ್ಲ."

"ಏನಮ್ಮ ಇನ್ನೂ?"

"ಇದು ಇವತ್ತಿಂದು ಮಾತ್ರ. ಮಿಕ್ಕಿದ್ದೂ ಹೇಳ್ಲಿ."

ಬಾಲ್ಜರ್ ನಕ್ಕ. ಬೇರೆ ಯಾರೂ ನಗದಿದ್ದಾಗ ಕೈ ತೆಗೆದ. ಬಾಟಲಿ ತಂದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ತಾನೇ ಹಿಡಿದು ನಿಂತ. ಮುದೆಸ್ತ್ ಒಂದು ಸ್ಟೂಲು ಎಳೆದು ಅಪ್ಪನ ಕಡೆಗಲ್ಲ, ನನ್ನ ಕಡೆಗೆ ತಳ್ಳಿದ. ನಾನು ಕೂತೆ. ಅಪ್ಪ ಪ್ರಾಣಿಯ ಆಚೆ ಬದಿಯಲ್ಲಿ ನಿಂತೇ ಇದ್ದ. ಅವನು ಬಾಗಿಲ ಕಡೆ ನೋಡಿದ. ಬಾಗಿಲು ತೆರೆದೇ ಇತ್ತು, ಹೋಗುವ ಕಾಲಿಗೂ ಶಕ್ತಿ ಇತ್ತು.

"ಎಲ್ಲಿಂದ ಹೇಳ್ಲಿ?" ಅಂದ.

"ಮೊದಲನೇದರಿಂದ."

ಅವನು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇವಳು ಆಗ ಚಿಕ್ಕವಳು," ಎಂದು ಶುರುಮಾಡಿದ.

"ಜೋರಾಗಿ," ಅಂದೆ. "ಹಿಂದೆ ನಿಂತವರಿಗೆ ಕೇಳಿಸ್ತಿಲ್ಲ."